ಹುಳುವಿನ ಕಣ್ಣು, ಸೊಪ್ಪಿನ ಹಳದಿ



ಕೋಲಾರ ಜಿಲ್ಲೆಯ ವೇಮಗಲ್ ಸುತ್ತಮುತ್ತ ರೇಷ್ಮೆ ಸಾಕುವ ಮನೆಗಳಲ್ಲಿ ಸೊಪ್ಪನ್ನು ತೂಗಿ ಹಾಕುವಷ್ಟೇ ಜೋಪಾನವಾಗಿ ಬೆಳಕನ್ನೂ ಕತ್ತಲನ್ನೂ ಬಳಸುತ್ತಾರೆ. ಮೊಟ್ಟೆಯೊಳಗೆ ಮರಿಯ ತಲೆ ಕಪ್ಪು ಚುಕ್ಕೆಯಾಗಿ ಕಂಡಿತೆಂದರೆ ಮೊಟ್ಟೆ ಹಾಳೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಮುಂದೆ ಓಡಿದ ಮೊಟ್ಟೆ ನಿಂತು ಕಾಯುತ್ತದೆ, ಹಿಂದೆ ಬಿದ್ದದ್ದು ಬಂದು ಕೂಡಿಕೊಳ್ಳುತ್ತದೆ. ಚಾಕಿ ಕಟ್ಟುವ ದಿನ ಬೆಳಗ್ಗೆ ಬೆಳಕಿಗೆ ಒಡ್ಡಿದರೆ ಹೆಚ್ಚುಕಡಿಮೆ ಎಲ್ಲ ಮರಿಗಳೂ ಒಟ್ಟಿಗೆ ಒಡೆದು ಬರುತ್ತವೆ. ರೇಷ್ಮೆ ಇಲಾಖೆಯವರು ಕಲಿಸಿದ ಬ್ಲಾಕ್ ಬಾಕ್ಸಿಂಗ್ ಎಂಬ ಹೆಸರು ಈಗ ಊರ ಮಾತೇ ಆಗಿದೆ. ಇನ್ನು ಕೊನೆಗೆ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಹೊತ್ತಿನಲ್ಲಿ, ಒಂದು ಪಕ್ಕ ಬೆಳಕು ಹೊಡೆದು ಇನ್ನೊಂದು ಪಕ್ಕ ನೆರಳಾಗಿದ್ದರೆ ಹುಳುಗಳೆಲ್ಲ ನೆರಳಿಗೆ ನುಗ್ಗಿ ಎರಡೆರಡು ಸೇರಿ ಜೋಡಿ ಗೂಡು ಕಟ್ಟಿಬಿಡುತ್ತವೆ. ಅಂಥ ಗೂಡಿಗೆ ಮಾರುಕಟ್ಟೆಯಲ್ಲಿ ರೀಲರ್ ಎಷ್ಟು ಬೆಲೆ ಕಟ್ಟುತ್ತಾನೆಂದು ನಾನು ಹೇಳಬೇಕಿಲ್ಲ.

ಈಗ ಒಂದು ಪ್ರಶ್ನೆ. ಮೊಟ್ಟೆಯೊಡೆದು ಬಂದ ಮರಿ ಹೆಚ್ಚೆಂದರೆ ಮೂರು ಮಿಲಿಮೀಟರ್ ಉದ್ದ. ಇನ್ನೂ ಒಂದು ಎಲೆಯನ್ನೂ ಕಚ್ಚಿಲ್ಲ. ಆದರೂ ಬೆಳಕು ಬರುವ ಕಡೆಗೆ ತೆವಳುತ್ತದೆ. ಅದರ ತಲೆಯ ಎರಡೂ ಪಕ್ಕಗಳಲ್ಲಿ ಆರಾರು ಪುಟ್ಟ ಕಣ್ಣುಗಳಿವೆ, ಒಟ್ಟು ಹನ್ನೆರಡು. ನಮ್ಮ ನಿಮ್ಮ ಹಾಗೆ ಮುಖ ಗುರುತಿಸುವ ಕಣ್ಣಲ್ಲ. ಎಲ್ಲಿ ಬೆಳಕು, ಎಲ್ಲಿ ಕತ್ತಲು, ಯಾವುದು ಮಬ್ಬು ಎಂದು ತಿಳಿಸಿದರೆ ಅವುಗಳ ಕೆಲಸ ಮುಗಿಯಿತು. ಇಷ್ಟು ಮಾಡಲಿಕ್ಕೂ ಒಂದು ಸಾಮಗ್ರಿ ಬೇಕು. ಆ ಸಾಮಗ್ರಿಯನ್ನು ಹುಳು ತನ್ನ ಮೈಯಲ್ಲಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಇನ್ನೂ ಉಣ್ಣದ ಮರಿಯ ಕಣ್ಣಿಗೆ ಅದು ಬಂದದ್ದು ಎಲ್ಲಿಂದ? ತಾಯಿ ಚಿಟ್ಟೆಯಿಂದ, ಮೊಟ್ಟೆಯ ಮೂಲಕ. ತಾಯಿಗೆ ಎಲ್ಲಿಂದ? ಅದು ಹುಳುವಾಗಿದ್ದಾಗ ತಿಂದ ಹಿಪ್ಪುನೇರಳೆ ಸೊಪ್ಪಿನಿಂದ. ಇವತ್ತಿನ ಮಾತೆಲ್ಲ ಈ ದಾರಿಯ ಬಗ್ಗೆಯೇ.

ಕಣ್ಣು ಬೆಳಕನ್ನು ಹಿಡಿಯುವ ಬಗೆ ನೊಣಕ್ಕೂ ನಮಗೂ ಮೂಲದಲ್ಲಿ ಒಂದೇ. ಬೆಳಕು ಗ್ರಹಿಸುವ ಕೋಶಗಳಲ್ಲಿ ಆಪ್ಸಿನ್ ಎಂಬ ಪ್ರೋಟೀನಿದೆ. ಅದರ ಮಡಿಲಲ್ಲಿ ಸಣ್ಣದೊಂದು ಅಣು ಕೂತಿರುತ್ತದೆ, ಹೆಸರು ರೆಟಿನಾಲ್ಡಿಹೈಡ್. ಎ ಜೀವಸತ್ವದ ಕುಟುಂಬಕ್ಕೆ ಸೇರಿದ್ದು. ಆಪ್ಸಿನ್ ಹಣತೆಯಾದರೆ ಇದು ಬತ್ತಿ. ಬೆಳಕು ತಾಗಿದೊಡನೆ ಈ ಅಣುವಿನ ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಪ್ರೋಟೀನ್ ರೂಪ ಬದಲಿಸುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ನೊಣಗಳಲ್ಲೂ ಚಿಟ್ಟೆ-ಪತಂಗಗಳಲ್ಲೂ ಈ ಅಣುವಿಗೆ ಒಂದು ಹೈಡ್ರಾಕ್ಸಿ ಗುಂಪು ಹೆಚ್ಚಿಗೆ ಅಂಟಿಕೊಂಡಿರುತ್ತದೆ; ಇದನ್ನು ಬಯಲಿಗೆ ತಂದ ಕೆಲಸಕ್ಕೆ ಜರ್ಮನಿಯ ಕ್ಲಾಸ್ ಫೋಗ್ಟ್ 1983ರಲ್ಲಿ ದಾರಿ ತೋರಿದರು. ಜೇನುಹುಳುವಿನಲ್ಲಿ ನಮ್ಮದೇ ಬಗೆಯ ಅಣು.

ರೆಟಿನಾಲ್ಡಿಹೈಡ್ ಹುಟ್ಟುವುದು ಕ್ಯಾರೊಟಿನಾಯ್ಡ್‌ಗಳೆಂಬ ಹಳದಿ-ಕೇಸರಿ ಬಣ್ಣಗಳಿಂದ. ಬೀಟಾ ಕ್ಯಾರೊಟಿನ್, ಲ್ಯೂಟಿನ್, ಝಿಯಾಕ್ಸಾಂಥಿನ್ ಎಲ್ಲ ಅದೇ ಮನೆತನ. ಹಸಿರು ಎಲೆಯಲ್ಲಿ ಅವು ಬೇಕಾದಷ್ಟಿವೆ. ಹಸಿರಿನ ಅಬ್ಬರದಲ್ಲಿ ನಮಗೆ ಕಾಣುವುದಿಲ್ಲ, ಎಲೆ ಹಣ್ಣಾಗಿ ಉದುರುವ ಹೊತ್ತಿಗಷ್ಟೇ ಹೊರಗೆ ತೋರುತ್ತವೆ. ಗಿಡ, ಪಾಚಿ, ಶಿಲೀಂಧ್ರ, ಕೆಲವು ಬ್ಯಾಕ್ಟೀರಿಯಾ ಇವನ್ನು ತಯಾರಿಸಬಲ್ಲವು. ಪ್ರಾಣಿಗಳಿಗೆ ಆ ವಿದ್ಯೆ ಇಲ್ಲ. ಇದಕ್ಕೆ ಅಪವಾದ ಸಿಕ್ಕದ್ದು 2010ರಲ್ಲಿ: ಬಟಾಣಿ ಗಿಡದ ಹೇನು ಯಾವುದೋ ಕಾಲದಲ್ಲಿ ಶಿಲೀಂಧ್ರದಿಂದ ಈ ಜೀನುಗಳನ್ನು ಎರವಲು ಪಡೆದು ತಾನೇ ಕ್ಯಾರೊಟಿನಾಯ್ಡ್ ತಯಾರಿಸುತ್ತದೆಂದು ಅಮೆರಿಕದ ನ್ಯಾನ್ಸಿ ಮೊರಾನ್ ಮತ್ತು ಟೈಲರ್ ಜಾರ್ವಿಕ್ ತೋರಿಸಿದರು. ಗಿಡದ ರಸ ಹೀರಿ ಬದುಕುವ ಹೇನಿಗೆ ಇಷ್ಟು ದೊಡ್ಡ ಆಸ್ತಿ ಸಿಕ್ಕಿ, ಎಲೆಯನ್ನೇ ಅಗಿಯುವ ರೇಷ್ಮೆ ಹುಳುವಿಗೆ ಸಿಗದಿದ್ದುದು ಸರಿಯೇ ಇದೆ ಅನ್ನಿ. ಎಲೆ ತಿನ್ನುವವನಿಗೆ ಅದರ ಅಗತ್ಯವಾದರೂ ಏನು?

ಎ ಜೀವಸತ್ವಕ್ಕೂ ಕಣ್ಣಿಗೂ ಇರುವ ನಂಟನ್ನು ಜಾರ್ಜ್ ವಾಲ್ಡ್ 1933ರಲ್ಲಿ ಅಕ್ಷಿಪಟಲದಲ್ಲೇ ಹಿಡಿದು ತೋರಿಸಿದರು, 1967ರಲ್ಲಿ ಅದಕ್ಕಾಗಿ ನೊಬೆಲ್ ಬಂತು. ಕೀಟಗಳ ಕಡೆಗೆ ಈ ಪ್ರಶ್ನೆಯನ್ನು ಒಯ್ದವರು ತಿಮೋತಿ ಗೋಲ್ಡ್‌ಸ್ಮಿತ್. 1958ರಲ್ಲಿ ಜೇನುಹುಳುಗಳ ತಲೆಯಲ್ಲಿ ರೆಟಿನಾಲ್ಡಿಹೈಡ್ ಇದೆಯೆಂದು ಕಂಡುಕೊಂಡರು. 1964ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಮನೆನೊಣಗಳಿಗೆ ಕ್ಯಾರೊಟಿನಾಯ್ಡ್ ಇಲ್ಲದ ಆಹಾರ ಕೊಟ್ಟು ಬೆಳೆಸಿ, ಕಣ್ಣಿನ ಗ್ರಹಣಶಕ್ತಿ ಕುಗ್ಗುವುದನ್ನು ಅಳೆದು ತೋರಿಸಿದರು. ಅಂದರೆ ನೊಣಕ್ಕೂ ಒಂದು ಬಗೆಯ ಇರುಳುಗುರುಡು ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಕಣ್ಣು ಪೂರ್ತಿ ಆರುವುದಿಲ್ಲ. ಅದೇ ಕೆಲಸಕ್ಕೆ ಮೊದಲಿಗಿಂತ ಬಹಳ ಹೆಚ್ಚು ಬೆಳಕು ಬೇಕಾಗುತ್ತದೆ. ನಮ್ಮ ಮಕ್ಕಳಲ್ಲೂ ಆಗುವುದು ಇದೇ. ಹಗಲಲ್ಲಿ ಆಡುವ ಮಗು ಮುಸ್ಸಂಜೆಗೆ ಹೊಸಲು ಎಡವುತ್ತದೆ. ಆ ಕೊರತೆಯನ್ನು ತಡೆಯಲೆಂದೇ 1970ರಲ್ಲಿ ದೇಶದಲ್ಲಿ ಎ ಜೀವಸತ್ವದ ದ್ರಾವಣ ಹಾಕಿಸುವ ಕಾರ್ಯಕ್ರಮ ಶುರುವಾಯಿತು.

ಈ ವಿಷಯದಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ, ಅದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪ್ರೊಫೆಸರ್ ಜೆ. ಗಂಗೂಲಿ, ಪ್ರೊಫೆಸರ್ ಎಚ್. ಆರ್. ಕಾಮಾ ಅವರು ಎ ಜೀವಸತ್ವದ ಮೇಲೆಯೇ ವರ್ಷಗಟ್ಟಲೆ ದುಡಿದರು. ಕ್ಯಾರೊಟಿನ್ ಉದ್ದನೆಯ ಅಣು. ಅದನ್ನು ಕರುಳು ನಟ್ಟನಡುವೆ ಒಂದೇ ಏಟಿಗೆ ಕತ್ತರಿಸಿ ಎರಡು ಎ ಜೀವಸತ್ವ ಮಾಡುತ್ತದೆಯೋ, ಅಲ್ಲಿ ಇಲ್ಲಿ ತುಂಡರಿಸಿ ಒಂದನ್ನು ಉಳಿಸಿಕೊಳ್ಳುತ್ತದೆಯೋ ಎಂಬ ವಾದ ದಶಕಗಳ ಕಾಲ ನಡೆಯಿತು. ಗಂಗೂಲಿಯವರೂ ಪಿ. ಎಸ್. ಶಾಸ್ತ್ರಿಯವರೂ ಕೂಡಿ 1985ರಲ್ಲಿ ಈ ವಾದದ ಬಗ್ಗೆಯೇ ವಿಸ್ತಾರವಾಗಿ ಬರೆದರು. ಕತ್ತರಿಸುವ ಕಿಣ್ವದ ಜೀನು ಕೊನೆಗೆ ಕೈಗೆ ಸಿಕ್ಕದ್ದು 2000ದಲ್ಲಿ. ಸಿಕ್ಕದ್ದೆಲ್ಲಿ? ಹಣ್ಣುನೊಣ ಡ್ರೊಸೊಫಿಲಾದಲ್ಲಿ! ಫ್ರೈಬುರ್ಗ್‌ನ ಯೋಹಾನೆಸ್ ಫಾನ್ ಲಿಂಟಿಗ್ ಮತ್ತು ಇದೇ ಫೋಗ್ಟ್ ಅದನ್ನು ಗುರುತಿಸಿದರು. ಅದೇ ವರ್ಷ ಕೋಳಿಯಲ್ಲೂ ಇಂಥ ಕಿಣ್ವ ಸಿಕ್ಕಿತು. ಅದರ ಬಂಧುವೇ ನಮ್ಮ ಕರುಳಿನಲ್ಲೂ ಇದೆ. ಕೊಳೆತ ಬಾಳೆಹಣ್ಣಿನ ಸುತ್ತ ಹಾರುವ ಆ ನೊಣ ಮನುಷ್ಯರ ಪೋಷಣೆಯ ಒಂದು ಹಳೆಯ ತಕರಾರನ್ನು ಬಿಡಿಸಲು ನೆರವಾಯಿತು. ಇವತ್ತಿಗೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ರಘು ಪಡಿಂಜತ್ ಅವರ ತಂಡ ಬೆಳಕು ನರಸಂಕೇತವಾಗುವ ಬಗೆಯನ್ನು ಅದೇ ನೊಣದ ಕಣ್ಣಿನಲ್ಲಿ ಅಧ್ಯಯನ ಮಾಡುತ್ತದೆ.

ಪ್ರಯೋಗಾಲಯದ ನೊಣಕ್ಕೆ ಏನು ತಿನ್ನಿಸುತ್ತಾರೆ ಎಂಬುದೂ ಇಲ್ಲಿ ಮುಖ್ಯ. ಮೈಸೂರು ವಿಶ್ವವಿದ್ಯಾಲಯದ ಡ್ರೊಸೊಫಿಲಾ ವಿಭಾಗದಲ್ಲಿ ಗೋಧಿ ರವೆ, ಬೆಲ್ಲ, ಅಗರ್ ಸೇರಿಸಿ ಕುದಿಸಿ, ಮೇಲೆ ಯೀಸ್ಟ್ ಹಾಕಿ ಕೊಡುವ ಪದ್ಧತಿ. ಹೊರದೇಶಗಳಲ್ಲಿ ಹಳದಿ ಮುಸುಕಿನ ಜೋಳದ ಹಿಟ್ಟಿನ ಗಂಜಿ. ಹಳದಿ ಮುಸುಕಿನ ಜೋಳದಲ್ಲಿ ಲ್ಯೂಟಿನ್, ಝಿಯಾಕ್ಸಾಂಥಿನ್ ಇರುತ್ತವೆ, ನೊಣದ ಕಣ್ಣಿಗೆ ಅದು ಸಾಕು. ಬರೀ ಯೀಸ್ಟು, ಸಕ್ಕರೆ ಕೊಟ್ಟರೆ ಕಣ್ಣು ಮಂಕಾಗುತ್ತದೆ. ಯಾವ ಗಂಜಿಯಲ್ಲಿ ಬೆಳೆದ ನೊಣವೆಂದು ಕೇಳದೆ ಅದರ ದೃಷ್ಟಿಯ ಬಗ್ಗೆ ಏನನ್ನೂ ಹೇಳಬಾರದು ಎಂಬುದು ಈ ವಿಜ್ಞಾನದವರು ಕಲಿತ ಪಾಠ. 1977ರಲ್ಲಿ ಕುನೊ ಕಿರ್ಷ್‌ಫೆಲ್ಡ್ ತಂಡದವರು ನೊಣದ ಕಣ್ಣಿನಲ್ಲಿ ಇನ್ನೂ ಒಂದು ಅಣುವಿನ ಪಾತ್ರವನ್ನು ಕಂಡರು. ಅದು ನಮಗೆ ಕಾಣದ ಅತಿನೇರಳೆ ಬೆಳಕನ್ನು ಹಿಡಿದು ಪಕ್ಕದ ಅಣುವಿಗೆ ದಾಟಿಸುತ್ತದೆ. ಅದೂ ಎ ಜೀವಸತ್ವದ ಕುಟುಂಬದ್ದೇ. ಆಹಾರದಲ್ಲಿ ಕ್ಯಾರೊಟಿನಾಯ್ಡ್ ಕಡಿಮೆಯಾದರೆ ನೊಣಕ್ಕೆ ಅತಿನೇರಳೆಯ ಈ ಹೆಚ್ಚುವರಿ ಲಾಭವೂ ತಪ್ಪುತ್ತದೆ.

ಇನ್ನು ನಮ್ಮ ಹುಳುವಿಗೆ ಬರೋಣ.

ಹಿಪ್ಪುನೇರಳೆ ಸೊಪ್ಪಿಲ್ಲದೆ ರೇಷ್ಮೆ ಹುಳು ಸಾಕಿ ನೋಡಿದವರು ಜಪಾನಿನವರು. ಸೋಯಾ ಹಿಟ್ಟು, ಪಿಷ್ಟ, ಜೀವಸತ್ವ, ಲವಣಗಳನ್ನು ಬೆರೆಸಿ ಮಾಡುವ ಕೃತಕ ಆಹಾರಕ್ಕೆ ಸಾಮಾನ್ಯವಾಗಿ ಒಣಗಿಸಿದ ಸೊಪ್ಪಿನ ಪುಡಿಯನ್ನೂ ಸೇರಿಸುತ್ತಾರೆ. ಇಸಾಮು ಶಿಮಿಜು ಮತ್ತು ಸಂಗಡಿಗರು ಆ ಪುಡಿಯನ್ನೂ ತೆಗೆದುಹಾಕಿ, ಕ್ಯಾರೊಟಿನಾಯ್ಡ್ ಇಲ್ಲದ ಆಹಾರದಲ್ಲಿ ಹುಳುಗಳನ್ನು ಬೆಳೆಸಿದರು. 1981ರಲ್ಲಿ ಅವರ ಫಲಿತಾಂಶ ಅಚ್ಚಾಯಿತು. ಹುಳು ಬೆಳೆಯಿತು, ಆದರೆ ಬೆಳಕಿಗೆ ತೋರುವ ಸ್ಪಂದನೆ ತೀರಾ ಕುಂದಿತು. ಅದೇ ಆಹಾರಕ್ಕೆ ಕ್ಯಾರೊಟಿನಾಯ್ಡ್ ಸೇರಿಸಿದ ಹುಳುಗಳು ಎಂದಿನಂತಿದ್ದವು.

ಅವರ ಮುಂದಿನ ಕೆಲಸ ನನಗೆ ಇನ್ನೂ ಸ್ವಾರಸ್ಯವೆನಿಸುತ್ತದೆ. ದ್ವಿತಳಿ ಹುಳುವಿನಲ್ಲಿ ಮುಂದಿನ ಪೀಳಿಗೆಯ ಮೊಟ್ಟೆ ತಕ್ಷಣ ಒಡೆಯಬೇಕೋ, ತಿಂಗಳುಗಟ್ಟಲೆ ನಿದ್ರಿಸಬೇಕೋ ಎಂಬುದನ್ನು ಹಗಲಿನ ಉದ್ದವೂ ಶಾಖವೂ ಸೇರಿ ತೀರ್ಮಾನಿಸುತ್ತವೆ. ನಮ್ಮ ಮೈಸೂರು ತಳಿಗೆ ಈ ತಾಪತ್ರಯವಿಲ್ಲ, ವರ್ಷವಿಡೀ ಒಂದರ ಹಿಂದೆ ಒಂದು ಬೆಳೆ. ದ್ವಿತಳಿಯ ನಿದ್ರಿಸುವ ಮೊಟ್ಟೆಯನ್ನು ಎಬ್ಬಿಸಲು ಬಿತ್ತನೆ ಕೋಠಿಗಳಲ್ಲಿ ಆಮ್ಲದಲ್ಲಿ ಅದ್ದುವುದು, ಶೀತಲ ಕೋಣೆಯಲ್ಲಿಡುವುದು ಎಲ್ಲ ನಡೆಯುತ್ತದೆಂದು ನಿಮಗೆ ಗೊತ್ತು. ಕ್ಯಾರೊಟಿನಾಯ್ಡ್ ಇಲ್ಲದ ಆಹಾರ ತಿಂದ ಹುಳುಗಳಲ್ಲಿ ಹಗಲಿನ ಉದ್ದವನ್ನು ಅಳೆಯುವ ಈ ಶಕ್ತಿಯೇ ಹೋಗಿತ್ತು. ಸೊಪ್ಪಿನ ಹಳದಿ ಹುಳುವಿಗೆ ದಾರಿ ತೋರಿಸುವುದಷ್ಟೇ ಅಲ್ಲ, ಋತು ಯಾವುದೆಂದೂ ತಿಳಿಸುತ್ತಿತ್ತು.

ಹಾಗಾದರೆ ಬೆಳಕನ್ನು ಅರಿಯುವ ಎಲ್ಲ ಕೆಲಸಕ್ಕೂ ಇದೇ ಸಾಮಗ್ರಿಯೇ ಎಂದು ಕೇಳಬಹುದು. ಅಲ್ಲ. 1971ರಲ್ಲಿ ವಿಲಿಯಂ ಝಿಮ್ಮರ್‌ಮನ್ ಮತ್ತು ಗೋಲ್ಡ್‌ಸ್ಮಿತ್ ಕ್ಯಾರೊಟಿನಾಯ್ಡ್ ಇಲ್ಲದ ಹಣ್ಣುನೊಣಗಳ ಕಣ್ಣಿನ ಗ್ರಹಣಶಕ್ತಿ ಸಾವಿರದಲ್ಲಿ ಒಂದು ಪಾಲಿಗೆ ಇಳಿದಿದ್ದರೂ, ಹಗಲು-ರಾತ್ರಿಯ ಒಳಗಡಿಯಾರ ಬೆಳಕಿಗೆ ಮೊದಲಿನಷ್ಟೇ ಚುರುಕಾಗಿ ಸ್ಪಂದಿಸುವುದನ್ನು ಕಂಡರು. ಇದಕ್ಕೆ ಕಾರಣ ತಿಳಿಯಲು 1998 ಬರಬೇಕಾಯಿತು. ನೊಣದ ಒಳಗಡಿಯಾರಕ್ಕೆ ಕ್ರಿಪ್ಟೊಕ್ರೋಮ್ ಎಂಬ ಬೇರೆಯೇ ಪ್ರೋಟೀನು ಬೆಳಕು ಹಿಡಿದುಕೊಡುತ್ತದೆ. ಅದರ ಒಳಗಿರುವುದು ಫ್ಲೇವಿನ್. ಫ್ಲೇವಿನ್ ಆಗುವುದು ರೈಬೊಫ್ಲೇವಿನ್‌ನಿಂದ, ಅಂದರೆ ಬಿ2 ಜೀವಸತ್ವದಿಂದ. ಅದೂ ಆಹಾರದ್ದೇ! ರೇಷ್ಮೆ ಮರಿ ಬೆಳಗಿನ ಹೊತ್ತಿಗೆ ಒಡೆಯುವುದೂ ಒಳಗಡಿಯಾರದ ಕೆಲಸ. ಕಪ್ಪು ಪೆಟ್ಟಿಗೆಯೊಳಗೆ ನೀವು ತಡೆಹಿಡಿದು ಬಿಡುವುದು ಆ ಗಡಿಯಾರವನ್ನು. ಒಡೆದ ಮೇಲೆ ಬೆಳಕಿನ ಕಡೆ ತೆವಳುವುದು ಕಣ್ಣಿನ ಕೆಲಸ. ಒಂದೇ ಬೆಳಗಿನಲ್ಲಿ ಎರಡು ಬೇರೆ ಅಂಗಗಳನ್ನು ನೀವು ದುಡಿಸುತ್ತೀರಿ.

ಎಲ್ಲಕ್ಕಿಂತ ವಿಚಿತ್ರ ಚಿಟ್ಟೆಯದು. ರೇಷ್ಮೆ ಚಿಟ್ಟೆಗೆ ಬಾಯಿ ಇದ್ದೂ ಇಲ್ಲದ ಹಾಗೆ. ಹುಟ್ಟಿದಾಗಿನಿಂದ ಸಾಯುವ ತನಕ ಏನೂ ತಿನ್ನುವುದಿಲ್ಲ. ಗೂಡಿನೊಳಗೆ ಹತ್ತು ಹನ್ನೆರಡು ದಿನ ಕೂತು ಹುಳುವಿನ ಹನ್ನೆರಡು ಪುಟ್ಟ ಕಣ್ಣನ್ನು ಬಿಟ್ಟು, ಸಾಲು ಸಾಲು ಮಸೂರಗಳ ಎರಡು ದೊಡ್ಡ ಸಂಯುಕ್ತ ಕಣ್ಣುಗಳನ್ನು ಕಟ್ಟಿಕೊಂಡು ಬರುತ್ತದೆ. ಆ ಕಣ್ಣಿಗೆ ಬೇಕಾದ ಸಾಮಗ್ರಿಯನ್ನೆಲ್ಲ ಹುಳುವಾಗಿದ್ದಾಗ ತಿಂದ ಸೊಪ್ಪಿನಿಂದಲೇ ಕೂಡಿಟ್ಟಿರಬೇಕು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದ ಮೇಲಿನ ಒಂದೇ ವಾರದಲ್ಲಿ ಹೋಗುತ್ತದೆ. ರಾತ್ರಿ ಎದ್ದು ಸೊಪ್ಪು ಹಾಕಿ ಸೊಂಟ ಹಿಡಿಸಿಕೊಳ್ಳುವ ಆ ವಾರದಲ್ಲೇ ಚಿಟ್ಟೆಯ ಕಣ್ಣಿನ ಉಗ್ರಾಣವೂ ತುಂಬುತ್ತದೆಂದು ಯಾರಿಗೂ ತೋಚುವುದಿಲ್ಲ. ತೋಚದಿರಲು ಕಾರಣವೂ ಇದೆ. ಬೆಳೆಗಾರ ಚಿಟ್ಟೆಯನ್ನು ನೋಡುವುದೇ ಇಲ್ಲ, ಗೂಡು ಮಾರುಕಟ್ಟೆಗೆ ಹೋಗಿ ಬಿಸಿಗೆ ಬೀಳುತ್ತದೆ. ಬಿತ್ತನೆ ಕೋಠಿಯಲ್ಲಿ ಚಿಟ್ಟೆ ನೋಡುವವರಿಗೂ ಕುರುಡು ಚಿಟ್ಟೆ ಪತ್ತೆಯಾಗುವುದು ಕಷ್ಟ. ಗಂಡು ಹೆಣ್ಣನ್ನು ಹುಡುಕುವುದು ವಾಸನೆಯಿಂದ. ಅಡಾಲ್ಫ್ ಬ್ಯೂಟೆನಾಂಟ್ ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ ಆ ವಾಸನೆಯ ವಸ್ತುವನ್ನು ಬೇರ್ಪಡಿಸಿ 1959ರಲ್ಲಿ ಬಾಂಬಿಕೋಲ್ ಎಂದು ಹೆಸರಿಟ್ಟರು. ಹಾರಲಾರದ, ಉಣ್ಣದ, ವಾಸನೆಯಲ್ಲೇ ಜೊತೆ ಹುಡುಕುವ ಚಿಟ್ಟೆಗೆ ಕಣ್ಣು ಮಂಜಾದರೂ ಸಂಸಾರ ನಡೆದುಹೋಗುತ್ತದೆ. 

ಕ್ಯಾರೊಟಿನಾಯ್ಡ್ ಕಣ್ಣಿಗೆ ಹೋಗುವುದು ಲೇಶ. ಹಳದಿ ಗೂಡು ಕಟ್ಟುವ ತಳಿಗಳಲ್ಲಿ ಸೊಪ್ಪಿನ ಹಳದಿ ಕರುಳು ದಾಟಿ ರಕ್ತಕ್ಕೆ ಬಂದು, ಅಲ್ಲಿಂದ ರೇಷ್ಮೆ ಗ್ರಂಥಿಗೆ ಹರಿದು ನೂಲಿನ ಅಂಟಿನಲ್ಲಿ ನಿಲ್ಲುತ್ತದೆ. ಗೂಡಿಗೆ ಹಸಿರು ಛಾಯೆ ಬಂದಿದ್ದರೆ ಅದು ಫ್ಲೇವನಾಯ್ಡ್ ಎಂಬ ಬೇರೆ ಬಣ್ಣ. ಬಿಳಿ ಗೂಡಿನ ತಳಿಗಳಲ್ಲಿ ಕರುಳೇ ಹಳದಿಯನ್ನು ಒಳಗೆ ಬಿಟ್ಟುಕೊಳ್ಳದೆ ಹಿಕ್ಕೆಯ ಜೊತೆ ಹೊರಹಾಕುವುದುಂಟು. ಇದಕ್ಕೆ ಕಾರಣವಾದ ಜೀನನ್ನು ಜಪಾನಿನ ಸಂಶೋಧಕರು 2007ರಲ್ಲಿ ಗುರುತಿಸಿದರು: ಹಳದಿಯನ್ನು ಹೊತ್ತು ಸಾಗಿಸುವ ಪ್ರೋಟೀನು ಆ ತಳಿಗಳಲ್ಲಿ ಕೆಟ್ಟಿದೆ. ಆದರೂ ಸಿ.ಎಸ್.ಆರ್. ತಳಿಯ ಬಿಳಿ ಗೂಡಿನ ಮರಿ ಬೆಳಕಿಗೆ ತೆವಳುವುದನ್ನು ನೀವು ದಿನವೂ ಕಾಣುತ್ತೀರಿ. ಗೂಡಿಗೆ ಬಣ್ಣ ಬರಲು ಬೇಕಾದ ಪ್ರಮಾಣಕ್ಕೂ ಕಣ್ಣಿಗೆ ಬೇಕಾದ ಪ್ರಮಾಣಕ್ಕೂ ಅಷ್ಟು ಅಂತರ.

ಜಿಲ್ಲೆಯ ಉಳಿದ ಬೆಳೆಗಳತ್ತ ಒಂದು ಕ್ಷಣ. ಶ್ರೀನಿವಾಸಪುರದ ಮಾವಿನ ತಿರುಳಿನಲ್ಲಿ ಬೀಟಾ ಕ್ಯಾರೊಟಿನ್ ಯಥೇಚ್ಛ. ಅದರೊಳಗೆ ಬೆಳೆಯುವ ಹಣ್ಣುನೊಣದ (ಇದು ಡ್ರೊಸೊಫಿಲಾ ಅಲ್ಲ, ಬೇರೆ ನೊಣ) ಹುಳುವಿಗೆ ಕಣ್ಣಿನ ಸಾಮಗ್ರಿಯ ಬರವೇನಿಲ್ಲ. ನಾವು ಮರಕ್ಕೆ ಕಟ್ಟುವ ಮೀಥೈಲ್ ಯುಜಿನಾಲ್ ಬಲೆ ಆ ನೊಣದ ಮೂಗಿಗೆ ಹಾಕುವ ಗಾಳ. ಟೊಮೆಟೊ ಸಾಲಿನಲ್ಲಿ ನೆಡುವ ಹಳದಿ ಅಂಟು ಹಾಳೆಯಾದರೆ ಬಿಳಿನೊಣದ ಕಣ್ಣಿಗೆ. ಕೋಲಾರದ ಟೊಮೆಟೊ ಎಷ್ಟೇ ಕೆಂಪಗಿದ್ದರೂ ಆ ಕೆಂಪು ಲೈಕೊಪಿನ್‌ನದು, ಅದರಿಂದ ನಮ್ಮ ಮೈ ಎ ಜೀವಸತ್ವ ಮಾಡಿಕೊಳ್ಳಲಾರದು. ಮಕ್ಕಳ ಕಣ್ಣಿಗೆ ನುಗ್ಗೆ ಸೊಪ್ಪಿನ ಬಸ್ಸಾರೇ ಮೇಲು.

ಬರೀ ಹಸಿವಿನಿಂದಲೂ ಕಣ್ಣು ಕೆಡಬಹುದು ಎಂಬುದಕ್ಕೆ ಹೊಸ ಸಾಕ್ಷಿ ಕೀಟಗಳ ಸೋದರಸಂಬಂಧಿಯಾದ ಜೇಡದಿಂದ ಬಂದಿದೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದವರು ಜಿಗಿಯುವ ಜೇಡಗಳನ್ನು ಅರೆಹೊಟ್ಟೆಯಲ್ಲಿ ಬೆಳೆಸಿದಾಗ, ಸ್ಪಷ್ಟವಾಗಿ ನೋಡಲು ಬೇಕಾದ ನಡುಭಾಗದ ಬೆಳಕುಕೋಶಗಳೇ ನಷ್ಟವಾದವು. ಮುಪ್ಪಿನಲ್ಲಿ ನಮ್ಮ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆಗೂ ಇದಕ್ಕೂ ಹೋಲಿಕೆಯಿದೆ ಎನ್ನುತ್ತಾರೆ.

ಇಷ್ಟು ಕೇಳಿದ ಮೇಲೆ ಯಾರಾದರೂ, "ಅಂಗಾದ್ರೆ ಸಾರ್, ಹುಳುಗೂ ಒಂದು ಕಣ್ಣಿನ ಟಾನಿಕ್ ಹೊಡೀಬೇಕಾ?" ಎಂದು ಕೇಳಿಯೇ ಕೇಳುತ್ತಾರೆ. ಬೇಡ. ಸೊಪ್ಪಿನ ಮೇಲೆ ಸಿಂಪಡಿಸುವ ಜೀವಸತ್ವದ ಸೀಸೆಗಳು ಬಗೆಬಗೆಯವು ಬರುತ್ತವೆ. ಗೂಡಿನ ತೂಕಕ್ಕೆ ಅವು ನೆರವಾಗುತ್ತವೆಯೇ ಎಂಬುದು ಬೇರೆ ಚರ್ಚೆ. ಕಣ್ಣಿನ ಮಟ್ಟಿಗೆ ಹಸಿರು ಸೊಪ್ಪು ತಿನ್ನುವ ಹುಳುವಿಗೆ ಅದರ ಅಗತ್ಯವೇ ಇಲ್ಲ. ಕೊರತೆ ಹುಟ್ಟಿದ್ದು ಪ್ರಯೋಗಾಲಯದಲ್ಲಿ, ಸೊಪ್ಪನ್ನು ಬೇಕೆಂದೇ ತೆಗೆದುಹಾಕಿದಾಗ. ಮುಂದೆಂದಾದರೂ ಚಾಕಿ ಕೇಂದ್ರಗಳು ಕೃತಕ ಆಹಾರಕ್ಕೆ ತಿರುಗಿದರೆ ಅದರಲ್ಲಿ ಸೊಪ್ಪಿನ ಪುಡಿ ಎಷ್ಟಿದೆ, ಅದನ್ನು ಎಷ್ಟು ಕಾಲ ಎಲ್ಲಿ ಇಟ್ಟಿದ್ದರು ಎಂದು ಖಂಡಿತ ಕೇಳಿ. ಕ್ಯಾರೊಟಿನಾಯ್ಡ್ ಬಿಸಿಲಿಗೂ ಶಾಖಕ್ಕೂ ಗಾಳಿಗೂ ಬೇಗ ಕೆಡುವ ವಸ್ತು. ಅಲ್ಲಿಯತನಕ ದುಡ್ಡು ಖರ್ಚಿಲ್ಲದ ಕೆಲಸವೊಂದಿದೆ. ಸೊಪ್ಪನ್ನು ತಂಪು ಹೊತ್ತಿನಲ್ಲಿ ಕುಯ್ದು ತಂದು, ಒದ್ದೆ ಗೋಣಿಯಡಿ ನೆರಳಿನಲ್ಲಿಟ್ಟು, ಬಾಡುವ ಮೊದಲೇ ಹಾಕಿ. ಚಂದ್ರಿಕೆಗಳನ್ನು ಕಿಟಕಿಗೆ ಎದುರಾಗಿ ಒರಗಿಸಬೇಡಿ. ಮಬ್ಬು ಬೆಳಕು ಎಲ್ಲ ಕಡೆಯೂ ಒಂದೇ ಸಮ ಬೀಳುವಂತೆ ಪರದೆ ಕಟ್ಟಿ. ಹುಳುವಿಗೆ ಚೆನ್ನಾಗಿಯೇ ಕಾಣುತ್ತದೆ, ಜೋಡಿ ಗೂಡು ಆಗುವುದೂ ಅದಕ್ಕೇ.